ತೆನೆ ಕಟ್ಟದ ದಿಮ್ಮಿ

ಬನಿಯಾಸ್, ಅಬುಧಾಬಿ
2 ಜೂನ್ 2024

ಕುಂಟಲಗುಡ್ಡೆ ಅನಿವಾಸಿಗಳ ಸಂಘದ ಮಾನ್ಯ ಅಧ್ಯಕ್ಷರಿಗೆ,

ಅಂದರೆ ನಿನಗೇ, ಆನ್ಸೆಲ್ಮ್. ನೀನು ನನ್ನನ್ನು ಸಂಘದ ವಾಟ್ಸಾಪ್ ಗ್ರೂಪಿನಿಂದ ಹೊರಗೆ ಹಾಕಿದ್ದೀ. ಫೋನ್ ಮಾಡಿದರೆ ಮೀಟಿಂಗಿನಲ್ಲಿದ್ದೇನೆ ಎನ್ನುತ್ತೀ. ಕಾಗದವನ್ನು ಮಾತ್ರ ಮಧ್ಯದಲ್ಲಿ ಕಟ್ ಮಾಡಲು ಬರುವುದಿಲ್ಲ. ನಮ್ಮ ಆಸ್ಪತ್ರೆಯ ವ್ಯಾನ್ ಓಡಿಸುವ ನೆವಿಲ್ ಆಗಾಗ ದುಬೈಗೆ ಬರುತ್ತಾನೆ, ಅವನ ಕೈಯಲ್ಲಿ ಕೊಟ್ಟಿದ್ದೇನೆ. ಕೊಂಕಣಿಯಲ್ಲಿ ಬೈಸಿಕೊಂಡು ನಿನಗೆ ಅಭ್ಯಾಸವಾಗಿದೆ. ಅದಕ್ಕೇ ಇಬ್ಬರೂ ಒಂದೇ ಕ್ಲಾಸಿನಲ್ಲಿ ಕೂತು ಕಲಿತ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಗ್ರೂಪಿನಲ್ಲಿ ನಾನು ಕೇಳಿದ್ದು ಒಂದೇ ಪ್ರಶ್ನೆ. ನಮ್ಮ ದಿಮ್ಮಿ ಇಗರ್ಜಿಯನ್ನು ಬಿಚ್ಚಿ ಮಾರಲು ನಿನಗೆ ಯಾರು ಹೇಳಿದರು? ಇಲ್ಲಿನ ಮರಳಿನಲ್ಲಿ ರೆಸಾರ್ಟ್ ಕಟ್ಟುವ ಯಾರೋ ಒಬ್ಬನಿಗೆ ಹಳೆಯ ಮರ ಬೇಕಂತೆ. ನೀನು ಫೋಟೋ ತೋರಿಸಿದೆಯಂತೆ, ಅವನು ತಲೆಯಾಡಿಸಿದನಂತೆ. ಊರಲ್ಲಿ ಅದೇ ಜಾಗದಲ್ಲಿ ಕಾಂಕ್ರೀಟಿನ ಇಗರ್ಜಿ, ಗ್ರಾನೈಟಿನ ನೆಲ, ಗೋಡೆಯ ಮೇಲೆ ದಾನಿಗಳ ಹೆಸರು. ಮೊದಲ ಹೆಸರು ಯಾರದ್ದೆಂದು ನಾನು ಕೇಳುವುದಿಲ್ಲ.

ನಿನಗೆ ಗೊತ್ತಿರುವುದನ್ನೇ ಮತ್ತೆ ಹೇಳುತ್ತೇನೆ, ಮರೆತವನ ಹಾಗೆ ಇದ್ದೀಯಲ್ಲ. ಆ ಇಗರ್ಜಿಗೆ ಕಲ್ಲಿನ ಗೋಡೆ ಇಲ್ಲ. ಇಡೀ ಇಡೀ ಮರದ ದಿಮ್ಮಿಗಳನ್ನು ಒಂದರ ಮೇಲೊಂದು ಅಡ್ಡ ಮಲಗಿಸಿ, ಮೂಲೆಯಲ್ಲಿ ಕಚ್ಚು ಕಡಿದು ಕೂರಿಸಿದ ಗೋಡೆ ಅದು. ಒಂದೊಂದು ಕುಟುಂಬಕ್ಕೆ ಒಂದೊಂದು ದಿಮ್ಮಿ. ಸೆಪ್ಟೆಂಬರಿನ ತೆನೆ ಹಬ್ಬದ ದಿನ ಪಾದ್ರಿಗಳು ಮಂತ್ರಿಸಿದ ಹೊಸ ತೆನೆಯಲ್ಲಿ ಒಂದನ್ನು ಮನೆಗೆ ಒಯ್ಯುವ ಮೊದಲು ಅವರವರ ದಿಮ್ಮಿಗೆ ಕಟ್ಟಬೇಕು. ಯಾರು ಕಟ್ಟುವುದಿಲ್ಲವೋ ಅವರು ದಿಮ್ಮಿಯ ಕೈ ಬಿಟ್ಟರು ಎಂದು ಲೆಕ್ಕ. ಒಂದೇ ಒಂದು ದಿಮ್ಮಿಗೆ ತೆನೆ ಇದ್ದರೂ ಗೋಡೆ ಮುಟ್ಟುವಂತಿಲ್ಲ, ಯಾಕೆಂದರೆ ಒಂದನ್ನು ಬಿಟ್ಟು ಇನ್ನೊಂದನ್ನು ಎಳೆಯಲು ಆಗುವುದಿಲ್ಲ. ಇದು ನಮ್ಮ ಅಜ್ಜಂದಿರು ಮಾಡಿದ ಕಾನೂನು. ಅದಕ್ಕೆ ವಕೀಲರು ಬೇಕಾಗಲಿಲ್ಲ.

ನಮ್ಮಪ್ಪನಿಗೆ ನಾನೊಬ್ಬಳೇ. ನಮ್ಮ ದಿಮ್ಮಿಗೆ ತೆನೆ ಕಟ್ಟುವವಳು ನನ್ನ ಮಗಳು ಪರ್ಲ್. ಈ ವರ್ಷವೂ ಕಟ್ಟುತ್ತಾಳೆ. ನಿನ್ನ ರೆಸಾರ್ಟಿನವನಿಗೆ ಹೇಳು.

ಹೊರಗೆ ಹಾಕಿಸಿಕೊಂಡವಳು,
ಮಗ್ದಲೀನ್


ಕರಾಮ, ದುಬೈ
21 ಜೂನ್ 2024

ಮಗ್ದಲೀನ್,

ನೆವಿಲ್ ಕಾಗದ ಕೊಡುವಾಗ "ಏನು ಅಂಕಲ್, ಈ ಪ್ರಾಯದಲ್ಲಿ ಲವ್ ಲೆಟರಾ?" ಎಂದು ನಗಾಡಿದ. ಹೆಂಡತಿ ಬಾಗಿಲಲ್ಲೇ ಇದ್ದಳು. "ಮಗ್ದಲೀನಳದ್ದಾ? ಗ್ಲೌಸ್ ಹಾಕಿಕೊಂಡು ಓದಿ" ಅಂದಳು.

ಓದಿದೆ. ನನಗೆ ಸಿಟ್ಟು ಬರಲಿಲ್ಲ, ಸುಸ್ತಾಯಿತು. ಜೆಬೆಲ್ ಅಲಿ ಬಂದರಿನಲ್ಲಿ ದಿನವಿಡೀ ಯಾರದ್ದೋ ಕಂಟೇನರು ಯಾಕೆ ಬರಲಿಲ್ಲ ಎಂದು ಯಾರಿಗೋ ಉತ್ತರ ಕೊಟ್ಟು ಮನೆಗೆ ಬರುತ್ತೇನೆ. ಏಪ್ರಿಲಿನ ಮಳೆಯ ನೀರು ನಮ್ಮ ಕಟ್ಟಡದ ಕೆಳಗೆ ನಿಂತಿತ್ತು, ಅದರ ವಾಸನೆ ಇನ್ನೂ ಲಿಫ್ಟಿನಲ್ಲಿದೆ. ಮನೆ ಮುಟ್ಟಿದ ಮೇಲೆ ಸಂಘದ ಫೋನುಗಳು. ಕೆಲಸ ಮಾಡಲು ಯಾರೂ ಇಲ್ಲ, ಮಾಡಿದವನಿಗೆ ಬೈಯಲು ಎಲ್ಲರೂ ಇದ್ದಾರೆ.

ನೀನು ಕೊನೆಯ ಸಲ ಆ ಇಗರ್ಜಿಯೊಳಗೆ ಯಾವಾಗ ಕೂತಿದ್ದೆ? ಮಾಡು ಸೋರುತ್ತದೆ. ಪೂಜೆಯ ಮಧ್ಯದಲ್ಲಿ ಪಾದ್ರಿಗಳು ಪೀಠವನ್ನು ಅತ್ತ ಇತ್ತ ಎಳೆಸುತ್ತಾರೆ. ಅಡಿಯ ದಿಮ್ಮಿಗಳಿಗೆ ಗೆದ್ದಲು ಹತ್ತಿದೆ. ಇನ್ನು ಹತ್ತು ಮಳೆಗಾಲ ನಿಲ್ಲುತ್ತದೆ ಅಂತ ಯಾರಾದರೂ ಹೇಳಲಿ, ನಾನು ರಾಜೀನಾಮೆ ಕೊಡುತ್ತೇನೆ.

ಇದು ಗ್ರೂಪಿನಲ್ಲಿ ಹೇಳಲಾಗದ ಮಾತು. ಕಳೆದ ವರ್ಷ ನನ್ನ ಮಗಳ ಸಂಬಂಧಕ್ಕೆ ಪೇಟೆಯವರು ಬಂದಿದ್ದರು. ಹುಡುಗನ ಚಿಕ್ಕಮ್ಮ ಇಗರ್ಜಿಯ ಅಂಗಳದಲ್ಲಿ ನಿಂತು ಕೇಳಿದಳು, "ಇದು ಮರದ ಡಿಪೋ ಅಲ್ವಾ? ಇಗರ್ಜಿ ಎಲ್ಲಿ?" ಎಲ್ಲರೂ ನಕ್ಕರು. ನಾನೂ ನಕ್ಕೆ. ಶಾಲೆಯಲ್ಲಿ ನಮ್ಮನ್ನು ಏನೆಂದು ಕರೆಯುತ್ತಿದ್ದರು, ನೆನಪಿದೆಯಾ? ದಿಮ್ಮಿಯವರು. ಮೇಷ್ಟ್ರು ಕೂಡ ಹಾಗೆಯೇ ಕರೆಯುತ್ತಿದ್ದರು. ಆ ಕಟ್ಟಡ ಇರುವವರೆಗೆ ಆ ಹೆಸರೂ ಇರುತ್ತದೆ. ಎರಡೂ ಒಟ್ಟಿಗೆ ಹೋಗಲಿ ಎಂದು ಆಸೆಪಟ್ಟರೆ ಅದು ಪಾಪವಾ?

ಇನ್ನೊಂದು ವಿಷಯ. ಇದಕ್ಕೂ ಅದಕ್ಕೂ ಸಂಬಂಧವಿಲ್ಲ. ನಮ್ಮ ಆಫೀಸಿನಲ್ಲಿ ಬಿಲ್ಲಿಂಗಿಗೆ ಜನ ಬೇಕು. ಪರ್ಲ್ ಬಿಕಾಂ ಮಾಡಿ ಪೇಟೆಯ ಬಟ್ಟೆ ಅಂಗಡಿಯಲ್ಲಿ ಬಿಲ್ ಬರೆಯುತ್ತಿದ್ದಾಳೆ ಎಂದು ಕೇಳಿದೆ. ಕಂಪನಿ ವೀಸಾ, ಉಳಿಯಲು ಕೋಣೆ, ಬಸ್ಸು, ಎಲ್ಲ ಇದೆ. ಅವಳು ಬಂದರೆ ನೀನು ಇಲ್ಲಿಯದ್ದನ್ನು ಖಲಾಸ್ ಮಾಡಿ ಊರಿಗೆ ಹೋಗಬಹುದು. ಯೋಚಿಸು.

ನಿನ್ನ ಹಳೆಯ ಕ್ಲಾಸ್‌ಮೇಟ್,
ಆನ್ಸೆಲ್ಮ್


ಬನಿಯಾಸ್
7 ಜುಲೈ 2024

ಆನ್ಸೆಲ್ಮ್,

ಸಂಬಂಧವಿಲ್ಲದಿದ್ದರೆ ಅದೇ ಕಾಗದದಲ್ಲಿ ಯಾಕೆ ಬರೆದೆ?

ದಿಮ್ಮಿಯವರು ಎಂದು ಕರೆದರೆ ನಿನಗೆ ನಾಚಿಕೆ. ನನಗೂ ಇತ್ತು. ಹಿಂದಿನ ಬೆಂಚಿನಲ್ಲಿ ಕೂತು ನಾನೂ ಅತ್ತಿದ್ದೇನೆ. ಆದರೆ ನಾಚಿಕೆ ಪಡಬೇಕಾದವರು ಕರೆದವರು. ನೀನು ಅವರನ್ನು ಬಿಟ್ಟು ಮರವನ್ನು ಹಿಡಿದಿದ್ದೀ.

ನಮ್ಮ ಮುತ್ತಜ್ಜಂದಿರು ಘಟ್ಟದಲ್ಲಿ ಕಂಟ್ರಾಕ್ಟುದಾರರಿಗೆ ಮರ ಕಡಿದು ಹೊಳೆಗೆ ಉರುಳಿಸುತ್ತಿದ್ದವರು. ಹೆಗಲ ಚರ್ಮ ಸುಲಿದು ಸುಲಿದು ಗಂಟು ಕಟ್ಟಿತ್ತು. ಆದಿತ್ಯವಾರ ಕೆಳಗಿನ ದೊಡ್ಡ ಇಗರ್ಜಿಗೆ ಹೋದರೆ ಒಳಗೆ ಜಮೀನಿನವರು, ಹೊರಗೆ ಅಂಗಳದಲ್ಲಿ ಮರದವರು. ಇಬ್ಬರ ತಲೆಗೂ ಬಿದ್ದದ್ದು ಒಂದೇ ಜ್ಞಾನಸ್ನಾನದ ನೀರು, ಅದು ಜಾತಿಯನ್ನು ತೊಳೆಯಲಿಲ್ಲ. ಮಳೆ ಬಂದರೆ ಒಳಗಿನವರು ಬಾಗಿಲು ಹಾಕಿಕೊಳ್ಳುತ್ತಿದ್ದರು. ಕೊನೆಗೆ ಒಂದು ಮಳೆಗಾಲ ನಮ್ಮವರು ಹೋಗುವುದನ್ನೇ ಬಿಟ್ಟರು. ಡೊಂಕು, ಪೊಳ್ಳು ಎಂದು ಕಂಟ್ರಾಕ್ಟುದಾರ ಕಾಡಿನಲ್ಲೇ ಬಿಟ್ಟಿದ್ದ ದಿಮ್ಮಿಗಳನ್ನು ಹೊತ್ತು ತಂದು ಗುಡ್ಡೆಯ ಮೇಲೆ ಪೇರಿಸಿದರು. ವರ್ಷಗಟ್ಟಲೆ ಯಾವ ಪಾದ್ರಿಯೂ ಅಲ್ಲಿಗೆ ಹತ್ತಿ ಬರಲಿಲ್ಲ. ಅವರೇ ಮಂಡಿಯೂರಿ, ಜಪಮಾಲೆ ಹಿಡಿದು ತೇರ್ಸ ಹೇಳಿಕೊಂಡರು.

ಇದೆಲ್ಲ ನಿನ್ನ ಅಪ್ಪ ನನ್ನ ಅಪ್ಪನ ಎದುರು ಕೂತು ಹೇಳಿದ್ದು. ನೀನು ಆಗ ಅಲ್ಲೇ ಗೇರುಬೀಜ ಸುಡುತ್ತಿದ್ದೆ.

ಈಗ ರೆಸಾರ್ಟಿಗೆ ಬಂದವರು ಅದೇ ದಿಮ್ಮಿಗೆ ಬೆನ್ನು ಕೊಟ್ಟು ಜ್ಯೂಸು ಕುಡಿಯುತ್ತಾರೆ. ಕೂಲಿಯವನ ಬೆವರು ಹಸಿ ಇರುವಾಗ ಅದಕ್ಕೆ ನಾತ ಎನ್ನುತ್ತಾರೆ, ಒಣಗಿ ನೂರು ವರ್ಷವಾದರೆ ಪರಂಪರೆ ಎನ್ನುತ್ತಾರೆ. ಆ ಪರಂಪರೆಯನ್ನು ಜೆಬೆಲ್ ಅಲಿಯಲ್ಲಿ ಇಳಿಸಿಕೊಳ್ಳುವವನು ಕೂಲಿಯವನ ಮರಿಮಗ. ಶಾಭಾಸ್.

ಮಾಡು ಸೋರುತ್ತದೆ, ಒಪ್ಪಿದೆ. ಸೋರುವ ಮಾಡಿಗೆ ಹಂಚು ಹಾಕಬೇಕು. ಮಾಡು ಸೋರಿತು ಎಂದು ಮನೆ ಮಾರುವವನನ್ನು ನಾನು ಇದುವರೆಗೆ ನೋಡಿಲ್ಲ.

ಪರ್ಲ್‌ಳ ವೀಸಾ ನಿನ್ನ ಕಿಸೆಯಲ್ಲೇ ಇರಲಿ.

ಮಗ್ದಲೀನ್


ಕರಾಮ
4 ಆಗಸ್ಟ್ 2024

ಮಗ್ದಲೀನ್,

ನಿನ್ನ ಭಾಷಣ ಓದಿದೆ. ಚೆನ್ನಾಗಿದೆ. ಆದರೆ ಅದನ್ನು ಕೇಳಲು ಕುಂಟಲಗುಡ್ಡೆಯಲ್ಲಿ ಈಗ ಯಾರಿದ್ದಾರೆ? ಗಂಡಸರಲ್ಲಿ ಅರ್ಧ ಜನ ಇಲ್ಲಿ, ಉಳಿದವರು ಕತಾರ್, ಕುವೈತ್. ಎಲ್ಲರ ಹತ್ತಿರ ಮಾತಾಡಿದ್ದೇನೆ. ದಿಮ್ಮಿ ಬಿಡುತ್ತೇವೆ ಎಂದು ಒಬ್ಬೊಬ್ಬರೂ ಒಪ್ಪಿದ್ದಾರೆ, ನಾನೂ ನಮ್ಮದನ್ನು ಬಿಟ್ಟಿದ್ದೇನೆ.

ಈ ಸಲ ತೆನೆ ಹಬ್ಬ ಇಗರ್ಜಿಯಲ್ಲಿ ಅಲ್ಲ, ಹೊಸ ಸಭಾಭವನದಲ್ಲಿ ನಡೆಯುತ್ತದೆ. ಅಲ್ಲೇ ಮಂತ್ರಿಸಿ, ಅಲ್ಲೇ ಹಂಚಿ, ಅಲ್ಲಿಂದಲೇ ಮನೆಗೆ. ಪಾದ್ರಿಗಳು ಒಪ್ಪಿದ್ದಾರೆ. ಆ ದಿನ ಯಾವ ದಿಮ್ಮಿಗೂ ತೆನೆ ಇಲ್ಲದಿದ್ದರೆ ಮರುವಾರ ಬಿಚ್ಚುವವರು ಬರುತ್ತಾರೆ. ಉಳಿದಿರುವುದು ನಿನ್ನದೊಂದು.

ಪರ್ಲ್‌ಳ ಕೆಲಸವನ್ನು ನಾನು ಹಿಡಿದು ಇಟ್ಟಿದ್ದೇನೆ. ಆಗಸ್ಟ್ ಮುಗಿಯುವುದರೊಳಗೆ ಹೇಳು, ಇಲ್ಲದಿದ್ದರೆ ಬೇರೆಯವರಿಗೆ ಹೋಗುತ್ತದೆ. ಹುಡುಗಿಯ ಪ್ರಾಯ ಮರದ ಹಾಗೆ ಕಾಯುವುದಿಲ್ಲ. ನೀನು ನಿನ್ನ ಅಪ್ಪನ ದಿಮ್ಮಿ ನೋಡುತ್ತೀಯಾ, ಮಗಳನ್ನು ನೋಡುತ್ತೀಯಾ?

ಆನ್ಸೆಲ್ಮ್


ಬನಿಯಾಸ್
25 ಆಗಸ್ಟ್ 2024

ಆನ್ಸೆಲ್ಮ್,

ಉದ್ದ ಬರೆಯಲು ಕೈ ಏಳುವುದಿಲ್ಲ.

ನಮ್ಮ ಆಸ್ಪತ್ರೆಯ ಲಾಂಡ್ರಿಯಲ್ಲಿ ಏಸಿ ಕೆಟ್ಟು ವಾರಗಳಾದವು. ಹೊರಗೆ ಬಿಸಿಲಿನಲ್ಲಿ ದುಡಿಯುವವರಿಗೆ ಮಧ್ಯಾಹ್ನ ಬಿಡುವು ಕೊಡಬೇಕೆಂದು ಕಾನೂನಿದೆ. ನಾವು ಒಳಗಿನವರು, ನಮಗೆ ಅದು ತಾಗುವುದಿಲ್ಲ. ಮೊನ್ನೆ ಬೆಡ್‌ಶೀಟ್ ಇಸ್ತ್ರಿ ಮಾಡುವ ದೊಡ್ಡ ಯಂತ್ರದ ಮುಂದೆ ಭಟ್ಕಳದ ಶಾಹಿನ ತಲೆ ತಿರುಗಿ ಬಿದ್ದಳು. ಅವಳನ್ನು ಎತ್ತಿ ಕೂರಿಸಿ, ಅವಳ ಜಾಗದಲ್ಲಿ ನಾನು ನಿಂತೆ. ಯಂತ್ರ ನಿಲ್ಲಿಸಲಿಲ್ಲ.

ಸಂಜೆ ಕೋಣೆಯಲ್ಲಿ ಅವಳಿಗೆ ನಿನ್ನ ಕಾಗದದ ಸಂಗತಿ ಹೇಳಿದೆ. "ಮಗ್ದಲೀನ್ ಬಾಯಿ, ಹುಚ್ಚಾ ನಿಮಗೆ? ಮಗಳು ಆಫೀಸಿನಲ್ಲಿ ಕೂತು ಕೆಲ್ಸ ಮಾಡ್ತಾಳಂದ್ರೆ ಬೇಡ ಅಂತೀರಲ್ಲ. ಆ ಮರ ನಿಮಗೆ ಗಂಜಿ ಕೊಡ್ತದಾ?" ಅಂದಳು. ಬಾಯಿ ಮುಚ್ಚು ಅಂದೆ. ಮುಚ್ಚಿದಳು. ರಾತ್ರಿ ಪೆಟ್ಟಿಗೆ ತೆರೆದು, ಪರ್ಲ್ ಹಿಂದೆ ಕಳುಹಿಸಿದ್ದ ಕಾಗದಪತ್ರಗಳನ್ನು ತೆಗೆದಿಟ್ಟೆ.

ಪರ್ಲ್ ನನ್ನ ಹಾಗೆ ಇನ್ನೊಬ್ಬರ ರಕ್ತ, ವಾಂತಿ ಒಗೆಯುವುದು ಬೇಡ. ಈ ವರ್ಷ ತೆನೆ ಕಟ್ಟಬೇಡ ಎಂದು ನಿನ್ನೆ ಅವಳಿಗೆ ಫೋನಿನಲ್ಲಿ ಹೇಳಿದ್ದೇನೆ. "ಯಾಕೆ?" ಅಂದಳು. ಕಟ್ಟಬೇಡ ಅಂದೆನಲ್ಲ, ಅಂದೆ. ಅವಳು ಫೋನ್ ಇಟ್ಟಳು.

ಅವಳ ಪಾಸ್‌ಪೋರ್ಟಿನ ಪ್ರತಿ, ಮಾರ್ಕ್ಸ್ ಕಾರ್ಡು ಈ ಕವರಿನಲ್ಲೇ ಇವೆ. ಇಷ್ಟು ದಿನ ನಿನ್ನನ್ನು ಮಾರುವವನು ಎಂದೆ. ಈಗ ನಾನೂ ಮಾರಿದ್ದೇನೆ. ನಿನ್ನ ಎದುರು ತಲೆ ಎತ್ತಿ ಬೈಯುವ ಹಕ್ಕು ಹೋಯಿತು, ಅದೇ ದುಃಖ.

ಮಗ್ದಲೀನ್


ಕರಾಮ
13 ಸೆಪ್ಟೆಂಬರ್ 2024

ಮಗ್ದಲೀನ್,

ನೀನು ನನಗೆ ಮೋಸ ಮಾಡಿದೆ. ನೇರವಾಗಿ ಕಟ್ಟುತ್ತೇನೆ ಎಂದಿದ್ದರೆ ಮರ್ಯಾದೆ ಇರುತ್ತಿತ್ತು. ಕಟ್ಟುವುದಿಲ್ಲ ಎಂದು ಬರೆದು, ಪಾಸ್‌ಪೋರ್ಟ್ ಕಳುಹಿಸಿ, ಹಿಂದಿನಿಂದ ಮಗಳನ್ನು ಎಬ್ಬಿಸಿದೆ.

ಪಾದ್ರಿಗಳು ಫೋನ್ ಮಾಡಿದ್ದರು. "ಆನ್ಸೆಲ್ಮ್, ಇಲ್ಲಿ ಎಲ್ಲ ದಿಮ್ಮಿಗೂ ತೆನೆ ಇದೆ, ಒಂದೂ ಬಿಟ್ಟಿಲ್ಲ" ಎಂದರು. ಫೋಟೋ ಕಳುಹಿಸಿದರು. ನಮ್ಮ ದಿಮ್ಮಿಗೂ ಇದೆ. ನನ್ನ ಮನೆತನದ ದಿಮ್ಮಿಗೆ ತೆನೆ ಕಟ್ಟಲು ನಿನ್ನ ಮಗಳಿಗೆ ಯಾರು ಅಧಿಕಾರ ಕೊಟ್ಟರು? ಊರಿನವರ ಪರವಾಗಿ ಒಬ್ಬಳು ಹುಡುಗಿ ತೀರ್ಮಾನ ಮಾಡುವುದಾ?

ಗಿರಾಕಿ ಹಿಂದೆ ಸರಿದ. ಕೈ ಹಾಕಿದರೆ ಜಗಳವಾಗುವ ಮಾಲು ಅವನಿಗೆ ಬೇಡವಂತೆ. ಗ್ರೂಪಿನಲ್ಲಿ ಎಲ್ಲರೂ ಸುಮ್ಮನಿದ್ದಾರೆ. ಒಬ್ಬನಾದರೂ ಬೈದಿದ್ದರೆ ಒಳ್ಳೆಯದಿತ್ತು.

ಪರ್ಲ್‌ಳ ವೀಸಾ ಅರ್ಜಿ ವಾಪಸು ತೆಗೆಸಿದ್ದೇನೆ. ಹೌದು, ಇದಕ್ಕೂ ಅದಕ್ಕೂ ಸಂಬಂಧವಿದೆ. ಬರೆದುಕೊಟ್ಟಿದ್ದೇನೆ. ಸಾಕಾ?

ಆನ್ಸೆಲ್ಮ್


ಬನಿಯಾಸ್
6 ಅಕ್ಟೋಬರ್ 2024

ಆನ್ಸೆಲ್ಮ್,

ನಿನ್ನ ಕಾಗದ ಬಂದು ಮೂರು ವಾರ ಕಳೆಯಿತು. ಮೊದಲು ಪರ್ಲ್ ಹತ್ತಿರ ಸರಿಯಾಗಿ ಕೇಳಿ ತಿಳಿದುಕೊಳ್ಳಬೇಕು ಎನಿಸಿತು. ಅವಳು ನನ್ನ ಫೋನು ಎತ್ತುತ್ತಿರಲಿಲ್ಲ. ಕಳೆದ ಗುರುವಾರ ಎತ್ತಿದಳು. ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ, ನನ್ನ ಮಾತು ಸೇರಿಸುವುದಿಲ್ಲ.

ಹಬ್ಬದ ದಿನ ಪರ್ಲ್ ಸಭಾಭವನದಲ್ಲಿ ತೆನೆ ತೆಗೆದುಕೊಂಡು ಮನೆಗೆ ಹೊರಟಿದ್ದಳಂತೆ, ನಾನು ಹೇಳಿದ ಹಾಗೆಯೇ. ಬಾಗಿಲ ಹತ್ತಿರ ಮುದುಕಿ ರೆಜಿನ್ ಬಾಯಿ ತೆನೆ ಹಿಡಿದುಕೊಂಡು ನಿಂತಿದ್ದಳು. ಅವಳ ಇಬ್ಬರು ಮಕ್ಕಳೂ ಕುವೈತಿನಿಂದ ನಿನಗೆ ಒಪ್ಪಿಗೆ ಕೊಟ್ಟವರು. ಅವಳಿಗೆ ಅದನ್ನು ಯಾರೂ ಹೇಳಿರಲಿಲ್ಲ. ಪರ್ಲ್‌ಳನ್ನು ನಿಲ್ಲಿಸಿ ಕೇಳಿದಳಂತೆ, "ಬಾಯೆ, ಇದನ್ನು ಎಲ್ಲಿ ಕಟ್ಟುದು? ಈ ಫ್ಯಾನಿಗಾ?"

ಸುತ್ತ ಇದ್ದವರು ನಕ್ಕರು. ಮುದುಕಿ ನಗಲಿಲ್ಲ. "ಕಟ್ಟದೆ ನಾನು ಗಂಜಿ ಉಣ್ಣುದಿಲ್ಲ" ಅಂದು ಇಗರ್ಜಿಯ ಕಡೆಗೆ ನಡೆದಳು. ಹಬ್ಬಕ್ಕೆ ಕೆಲವೇ ದಿನ ಮೊದಲು ಕಾಲು ಜಾರಿ ಬಿದ್ದವಳು, ಅಂಗಳ ಪೂರಾ ಪಾಚಿ. ಪರ್ಲ್ ಕೈ ಹಿಡಿದುಕೊಂಡು ಹೋದಳು. ಇಗರ್ಜಿಗೆ ಬೀಗ ಇತ್ತು. ದಿಮ್ಮಿಯ ತುದಿಗಳು ಮೂಲೆಯಲ್ಲಿ ಹೊರಗೇ ಚಾಚಿಕೊಂಡಿವೆಯಲ್ಲ, ಬೀಗ ಅದಕ್ಕೆ ಏನು ಮಾಡುತ್ತದೆ? ಮುದುಕಿ ತನ್ನದಕ್ಕೆ ಕಟ್ಟಿದಳು. ಆಮೇಲೆ ಪರ್ಲ್‌ಳ ಕೈಯಲ್ಲಿದ್ದ ತೆನೆ ನೋಡಿ, "ನಿಂದು?" ಎಂದು ಕೇಳಿದಳು.

ಪರ್ಲ್ ಕಟ್ಟಿದಳು. ನಮ್ಮದಕ್ಕೆ. ಅದೊಂದಕ್ಕೇ.

ಉಳಿದವುಗಳಿಗೆ ಕಟ್ಟಿದವರು ಬೇರೆ. ಇಬ್ಬರನ್ನು ನೋಡಿ ನಾಲ್ಕು ಜನ ಬಂದರು. ನಾಲ್ಕು ಜನರನ್ನು ನೋಡಿ ಭವನವೇ ಖಾಲಿಯಾಯಿತು. ನೀನು ಒಪ್ಪಿಸಿದ ಗಂಡಸರ ಹೆಂಡಂದಿರು, ತಾಯಂದಿರು, ಅತ್ತಿಗೆಯರು. ನೀನು ದುಬೈ, ಕತಾರ್, ಕುವೈತ್ ಎಂದು ಊರೂರಿಗೆ ಫೋನ್ ಮಾಡಿ ಕೇಳಿದೆ. ಕುಂಟಲಗುಡ್ಡೆಗೆ ಒಂದು ಫೋನ್ ಮಾಡಲಿಲ್ಲ. ತೆನೆ ಕಟ್ಟುವವರು ಊರಲ್ಲಿರುವ ಹೆಂಗಸರು ಎನ್ನುವುದು ನಿನ್ನ ಸಂಘಕ್ಕೆ ಹೊಳೆಯಲೇ ಇಲ್ಲ. ನನಗೂ ಹೊಳೆಯಲಿಲ್ಲ. ನಾನೂ ಇಲ್ಲಿ ಕೂತು ಪರ್ಲ್‌ಳಿಗೆ ಅಪ್ಪಣೆ ಕೊಟ್ಟವಳೇ.

ನಿಮ್ಮ ದಿಮ್ಮಿಗೆ ಕಟ್ಟಿದ್ದು ಪರ್ಲ್ ಅಲ್ಲ. ನಿನ್ನ ತಂಗಿ ಜೋಯ್ಲಿನ್. ಎಲ್ಲರೂ ಕಟ್ಟಿ ಮುಗಿಸುವವರೆಗೆ ಅವಳು ದೂರ ನಿಂತಿದ್ದಳಂತೆ. "ಅಣ್ಣ ಬೇಡ ಅಂದಿದ್ದಾನೆ" ಅಂದಳಂತೆ. ರೆಜಿನ್ ಬಾಯಿ, "ನಿನ್ನ ಅಣ್ಣ ಈ ತೆನೆಯ ಹಾಲು ಪಾಯಸ ಕುಡಿಯದೆ ಎಷ್ಟು ವರ್ಷ ಆಯ್ತು? ಅವನ ಮಾತು ಯಾಕೆ ತರ್ತಿ ಇಲ್ಲಿಗೆ?" ಎಂದು ಗದರಿಸಿದಳಂತೆ. ಜೋಯ್ಲಿನ್ ಅತ್ತಳು, ಕಟ್ಟಿದಳು. ನಿನಗೆ ಹೇಳಲು ಅವಳಿಗೆ ಹೆದರಿಕೆ, ಅದಕ್ಕೇ ನೀನು ಬೈಯುವಾಗ ಬಾಯಿ ಬಿಡಲಿಲ್ಲ. ಅವಳ ಮೇಲೆ ಹಾರಬೇಡ. ಸಿಟ್ಟು ಇದ್ದರೆ ನನ್ನ ಮೇಲೆ ಮಾಡು, ನನಗೆ ರೂಢಿಯಿದೆ.

ಇದೆಲ್ಲ ಕೇಳಿದ ಮೇಲೆ ನಾನು ಪರ್ಲ್‌ಳಿಗೆ ಹೇಳಿದೆ, "ನಿನ್ನ ವೀಸಾ ಹೋಯ್ತು, ಗೊತ್ತುಂಟಾ?"

"ಗೊತ್ತುಂಟು. ಜೋಯ್ಲಿನ್ ಆಂಟಿ ಹೇಳಿದ್ರು."

"ನಾನು ಬೇಡ ಅಂದದ್ದು ನಿನಗೋಸ್ಕರ."

"ನನಗೋಸ್ಕರ ಆದ್ರೆ ನನ್ನತ್ರ ಒಂದು ಮಾತು ಕೇಳ್ಬೇಕಿತ್ತಲ್ಲಾ ಮಮ್ಮಿ."

"ಕೇಳಿದ್ರೆ ಏನಂತಿದ್ದಿ?"

"ದುಬೈಗೆ ಬರ್ತೇನೆ ಅಂತಿದ್ದೆ. ತೆನೆ ಕೂಡ ಕಟ್ತೇನೆ ಅಂತಿದ್ದೆ. ಎರಡೂ ಆಗುದಿಲ್ಲ ಅಂತ ಯಾರು ಹೇಳಿದ್ದು?"

"ಆನ್ಸೆಲ್ಮ್."

"ಅವರು ಹೇಳಿದ್ದಕ್ಕೆ ನೀನು ಆಮೆನ್ ಅಂದ್ಯಾ?"

ಇದಕ್ಕೆ ಉತ್ತರ ನಿನ್ನಲ್ಲಿದ್ದರೆ ಬರೆ.

ಗೆದ್ದೆ ಎಂದು ನಾನು ಬೀಗುತ್ತಿಲ್ಲ. ಗೆದ್ದವಳು ನಾನಲ್ಲ. ಅಡಿಯ ದಿಮ್ಮಿಗೆ ಗೆದ್ದಲು ಇರುವುದು ನಿಜ, ನೀನು ಹೇಳಿದ್ದು ಸುಳ್ಳಲ್ಲ. ಮಾಡೂ ಸೋರುತ್ತಲೇ ಇದೆ. ಹಬ್ಬ ಮುಗಿದು ಮಳೆ ಜೋರಾದಾಗ ಹೆಂಗಸರೇ ಸೇರಿ ಟಾರ್ಪಾಲು ಕಟ್ಟಿದ್ದಾರಂತೆ, ನೀಲಿ ಬಣ್ಣದ್ದು. ನೋಡಲು ಅಸಹ್ಯವಾಗಿದೆ ಎಂದು ಪರ್ಲ್ ಹೇಳಿದಳು. ಕಾಂಕ್ರೀಟಿಗೆ ಎಂದು ಸಂಘ ಎತ್ತಿದ ಹಣವನ್ನು ಹಂಚಿಗೆ ಕೊಡುವುದಾದರೆ ಕೊಡಿ, ಹಿಂದಕ್ಕೆ ಹಂಚಿಕೊಳ್ಳುವುದಾದರೆ ಹಂಚಿಕೊಳ್ಳಿ. ಈ ಸಲ ಕೇಳುವುದಾದರೆ ರೆಜಿನ್ ಬಾಯಿಯನ್ನು ಕೇಳು.

ನಾನು ಡಿಸೆಂಬರಿಗೆ ಇಲ್ಲಿಯದ್ದನ್ನು ಮುಗಿಸಿ ಊರಿಗೆ ಹೋಗುವವಳಿದ್ದೆ. ಶಾಹಿನಳಿಗೆ ನನ್ನ ಅಕ್ಕಿ ಡಬ್ಬ, ಇಸ್ತ್ರಿ ಪೆಟ್ಟಿಗೆ ಕೊಡುತ್ತೇನೆ ಎಂದು ಮಾತೂ ಕೊಟ್ಟಾಗಿತ್ತು. ಮೊನ್ನೆ ಸೂಪರ್‌ವೈಸರ್ ಕರೆದು, "ಮಗ್ದಲೀನ್, ರಿನ್ಯೂವಲ್ ಮಾಡ್ತೀಯೋ, ಹೋಗ್ತೀಯೋ? ಯಲ್ಲಾ, ಬೇಗ ಹೇಳು" ಎಂದಳು. ಪರ್ಲ್ ಬೇರೆ ಬೇರೆ ಕಡೆ ಅರ್ಜಿ ಹಾಕುತ್ತಿದ್ದಾಳೆ, ಸಿಗುವವರೆಗೆ ಮನೆ ನಡೆಯಬೇಕಲ್ಲ. ಇನ್ನೆರಡು ವರ್ಷಕ್ಕೆ ಸಹಿ ಹಾಕಿದೆ. ಹಾಕಿ ಬಂದು ಯಂತ್ರದ ಮುಂದೆ ನಿಂತೆ. ಶಾಹಿನ ಬೆಡ್‌ಶೀಟಿನ ಆಚೆ ತುದಿ ಹಿಡಿದು, "ಡಬ್ಬ ಹೋಯ್ತಾ ನಂದು?" ಎಂದಳು. ಹೋಯ್ತು ಅಂದೆ. ಇಬ್ಬರೂ ಶೀಟು ಮಡಚಿದೆವು.

ಮಗ್ದಲೀನ್